ಗುಳೆ ಹೋದೋರು ಯಾರಿಗೂ ಹೊರೆ ಅಲ್ಲ

ನಮ್ಮ ಕೇರಿಯಲ್ಲಿ ಈಗ ಬೀಗ ಹಾಕಿದ ಮನೆಗಳೇ ಹೆಚ್ಚು. ಗೋವಾದಲ್ಲಿ ನಮ್ಮೋರನ್ನ 'ಘಾಟಿ' ಅಂತಾರೆ, 'ಹೊರಗಿನೋರು ನಮಗೆ ಭಾರ' ಅಂತಾರೆ. ಅವರಿಗೆ ಒಂದಿಷ್ಟು ಇತಿಹಾಸ ಹೇಳ್ತೀನಿ.

1876-78ರ ಬರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಆಗ ಕಲಾದಗಿ ಜಿಲ್ಲೆಯಲ್ಲಿದ್ದವು. 1872ರಲ್ಲಿ 8 ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ಕ್ಕೆ 6.38 ಲಕ್ಷಕ್ಕೆ ಇಳೀತು. ಸತ್ತೋರೆಷ್ಟೋ, ಊರು ಬಿಟ್ಟೋರೆಷ್ಟೋ! ಹಗೇವಿನಲ್ಲಿ ಜೋಳ ಇದ್ದೋರು ಹೇಗೋ ಉಳಕೊಂಡರು. ಭೂಮಿಯೇ ಇಲ್ಲದ ನಮ್ಮೋರಿಗೆ ದಾರಿಯೇ ಗತಿ. ಬ್ರಿಟಿಷರ ಬರ ಕಾಮಗಾರಿಯಲ್ಲಿ ಕಲ್ಲು ಒಡೆದು ರಸ್ತೆ, ಕೆರೆ ಮಾಡಿದ್ದೂ ಹಸಿದ ಕೈಗಳೇ.

ಇವತ್ತೂ ಅದೇ. ಗೋವಾದ ಕಟ್ಟಡ, ಮಹಾರಾಷ್ಟ್ರದ ಕಬ್ಬು ನಮ್ಮ ಜನರ ಬೆವರು. ಹೆತ್ತು, ಸಾಕಿ, ದೊಡ್ಡ ಮಾಡಿದ ಖರ್ಚು ನಮ್ಮೂರಿಂದು. ದುಡಿಮೆಯ ಲಾಭ ಅವರೂರಿಂದು. ಆದ್ರೂ 2004ರಲ್ಲಿ ವಾಸ್ಕೋದ ಬೈನಾದಲ್ಲಿ ಗುಡಿಸಲು ಕೆಡವಿದರು.

ಮುಂಡಗೋಡ ನೋಡಿ. 1966ರಿಂದ ಟಿಬೆಟ್ ನಿರಾಶ್ರಿತರಿಗೆ ಅಲ್ಲಿ ನೆಲ ಸಿಕ್ಕಿತು. ಅವರು ಮೆಕ್ಕೆಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು, ಸುತ್ತಲಿನ ಊರಿನ ಕೂಲಿಗಳಿಗೂ ಕೆಲಸ ಕೊಟ್ಟರು. ಅದು ನ್ಯಾಯದ ಕೆಲಸ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನೆಲ ಕೊಟ್ಟರೆ ಬಂದೋರು ಊರನ್ನೇ ಬೆಳೆಸ್ತಾರೆ ಅಂತ ಸರ್ಕಾರಕ್ಕೆ ಗೊತ್ತಿದೆ. ಹಾಗಾದ್ರೆ ಸ್ವಂತ ದೇಶದಲ್ಲೇ ನಿರಾಶ್ರಿತರಾದ ನಮಗೆ ಆ ನೆಲ ಯಾಕಿಲ್ಲ?

ನಾವು ಭಿಕ್ಷೆ ಕೇಳ್ತಿಲ್ಲ, ಲೆಕ್ಕ ಕೇಳ್ತಿದ್ದೀವಿ.

ಜೈ ಭೀಮ್.