ಪಗೋಡ

ಬುದ್ಧನ ಅಥವಾ ಬೌದ್ಧ ಗುರುಗಳ ಧಾತುವನ್ನು (ದೇಹಾವಶೇಷವನ್ನು), ಇಲ್ಲವೇ ಧರ್ಮಗ್ರಂಥವನ್ನು ಒಡಲಲ್ಲಿರಿಸಿ ಅದರ ಮೇಲೆ ನೆಲೆ ನೆಲೆಯಾಗಿ ಎತ್ತಿದ ಗೋಪುರ. ಚೀನ, ಕೊರಿಯ, ಜಪಾನ್, ವಿಯೆಟ್ನಾಂ ಮತ್ತು ಮ್ಯಾನ್ಮಾರ್ ದೇಶಗಳ ಬೌದ್ಧ ವಾಸ್ತುಶಿಲ್ಪದ ಮುಖ್ಯ ಕಟ್ಟಡ ಇದು. ನೇಪಾಳದಲ್ಲಿ ಒಂದರ ಮೇಲೊಂದು ಮಾಡು ಹೊತ್ತ ಹಿಂದೂ ದೇಗುಲಗಳಿಗೂ ಇದೇ ಹೆಸರು ಸಲ್ಲುತ್ತದೆ. ಯಾಂಗೊನ್ ನಗರದ ಹೊಂಬಣ್ಣದ ಗಂಟೆಯಾಕಾರಕ್ಕೂ ಕ್ಯೋಟೊ ನಗರದ ಐದು ಸೂರಿನ ಮರದ ಗೋಪುರಕ್ಕೂ ಮೇಲ್ನೋಟಕ್ಕೆ ಯಾವ ಹೋಲಿಕೆಯೂ ಕಾಣದು. ಆದರೂ ಎರಡೂ ಒಂದೇ ಬೇರಿನಿಂದ ಬಂದವು. ಒಂದೊಂದು ನಾಡಿನ ಮಳೆ, ಗಾಳಿ, ಭೂಕಂಪ, ಅಲ್ಲಿ ದೊರೆಯುವ ಮರ ಮತ್ತು ಮಣ್ಣು ಇವುಗಳಿಗೆ ಬಡಗಿಗಳೂ ಗಾರೆಯವರೂ ಹೊಂದಿಕೊಂಡ ಬಗೆಯಲ್ಲಿ ಪಗೋಡದ ಚೆಲುವಿದೆ. ಮೇಲಿನ ಕೆತ್ತನೆ, ಬಣ್ಣ, ಗಂಟೆಗಳೆಲ್ಲ ಅದಕ್ಕೆ ತೊಡಿಸಿದ ಒಡವೆ.

ಭಾರತಕ್ಕೆ ಬಂದ ಐರೋಪ್ಯರು ಈ ಹೆಸರನ್ನು ಬಹಳ ಸಡಿಲವಾಗಿ ಬಳಸಿದರು. ಮಹಾಬಲಿಪುರ ಅವರಿಗೆ ‘ಏಳು ಪಗೋಡಗಳ’ ಊರಾಯಿತು, ಕೋಣಾರ್ಕದ ಸೂರ್ಯ ದೇಗುಲ ‘ಕಪ್ಪು ಪಗೋಡ’ವಾಯಿತು. ವಿಜಯನಗರದ ಚಿನ್ನದ ವರಹವನ್ನೂ ಅವರು ಪಗೋಡ ಎಂದೇ ಲೆಕ್ಕಪುಸ್ತಕದಲ್ಲಿ ಬರೆದುಕೊಂಡರು. ಇಲ್ಲಿ ಆ ಬಳಕೆಗಳನ್ನು ಬದಿಗಿಟ್ಟಿದೆ.

ಮೂಲ

ಪಗೋಡದ ಮೂಲ ಭಾರತದ ಸ್ತೂಪ. ಸಾಂಚಿಯಲ್ಲಿ ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕ ಕಟ್ಟಿಸಿದ ಇಟ್ಟಿಗೆಯ ಸ್ತೂಪಕ್ಕೆ ಮುಂದಿನ ಶತಮಾನದಲ್ಲಿ ಕಲ್ಲಿನ ಹೊದಿಕೆ ಬಂತು. ಅರ್ಧಗೋಳದ ಅಂಡ, ಅದರ ನೆತ್ತಿಯಲ್ಲಿ ಕಟಕಟೆಯಂತಹ ಹರ್ಮಿಕೆ, ನಡುವೆ ಯಷ್ಟಿ ಎಂಬ ಕಂಬ, ಯಷ್ಟಿಗೆ ಪೋಣಿಸಿದ ಮೂರು ಛತ್ರಗಳು ಅದರ ಅಂಗಗಳು. ಛತ್ರ ರಾಜಮರ್ಯಾದೆಯ ಚಿಹ್ನೆ. ಬೌದ್ಧ ಧರ್ಮ ವಾಯವ್ಯಕ್ಕೆ ಹಬ್ಬಿ ಗಾಂಧಾರಕ್ಕೆ ಬಂದಾಗ ಸ್ತೂಪದ ಪೀಠ ಎತ್ತರವಾಯಿತು, ಅಂಡ ಕುಗ್ಗಿತು, ಛತ್ರಗಳ ಸಂಖ್ಯೆ ಹೆಚ್ಚುತ್ತ ಹೋಯಿತು. ಪುರುಷಪುರದಲ್ಲಿ, ಎಂದರೆ ಇಂದಿನ ಪೇಶಾವರದಲ್ಲಿ, ಕನಿಷ್ಕನು ಕಟ್ಟಿಸಿದ ಮಹಾಸ್ತೂಪದ ಎತ್ತರವನ್ನೂ ಅದರ ಮರದ ನೆಲೆಗಳನ್ನೂ ಚೀನೀ ಯಾತ್ರಿಕರು ಬೆರಗಿನಿಂದ ಬಣ್ಣಿಸಿದ್ದಾರೆ. 1908-09ರ ಉತ್ಖನನದಲ್ಲಿ ಅದರ ಬುಡದಲ್ಲಿ ಸಿಕ್ಕ ಧಾತುಗಳನ್ನು ಆಗಿನ ಬ್ರಿಟಿಷ್ ಸರ್ಕಾರ ಮ್ಯಾನ್ಮಾರಿನ ಮಾಂಡಲೆಗೆ ಕಳುಹಿಸಿತು.

ಚೀನದಲ್ಲಿ ಹಾನ್ ಅರಸರ ಕಾಲಕ್ಕಾಗಲೇ ಬಹುನೆಲೆಯ ಮರದ ಕಾವಲುಗೋಪುರಗಳು ಇದ್ದವು. ಬೌದ್ಧರು ಆ ಗೋಪುರವನ್ನು ಒಪ್ಪಿಕೊಂಡು, ಭಾರತದ ಸ್ತೂಪವನ್ನು ಇಡಿಯಾಗಿ ಅದರ ತುದಿಗೇರಿಸಿದರು. ಜಪಾನಿನ ಯಾವುದೇ ಹಳೆಯ ಪಗೋಡದ ನೆತ್ತಿಯನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ಬೋರಲು ಬಟ್ಟಲಿನ ಆಕಾರದ ಲೋಹದ ತುಂಡೊಂದಿದೆ, ಅದೇ ಅಂಡ. ಅದರ ಮೇಲಿನ ಒಂಬತ್ತು ಬಳೆಗಳು ಸಾಂಚಿಯ ಛತ್ರಗಳ ಸಂತತಿ.

ಚೀನ

ಉತ್ತರ ವೇಯಿ ರಾಜ್ಯದ ರಾಜಮಾತೆ ಹು 516ರಲ್ಲಿ ಲುವೊಯಾಂಗ್ ನಗರದಲ್ಲಿ ಕಟ್ಟಿಸಿದ ಯೊಂಗ್‌ನಿಂಗ್ ವಿಹಾರದ ಒಂಬತ್ತು ನೆಲೆಯ ಮರದ ಪಗೋಡ ಆ ಕಾಲದ ವಿಸ್ಮಯ. ಪಶ್ಚಿಮದಿಂದ ಬಂದ ಬೋಧಿಧರ್ಮನೆಂಬ ಭಿಕ್ಷು ಅದನ್ನು ಕಂಡು ಕೈಮುಗಿದು ನಿಂತನೆಂದು ಅದೇ ಶತಮಾನದ ಯಾಂಗ್ ಷುವಾನ್‌ಜಿ ಬರೆದಿದ್ದಾನೆ. ಅದು ಉಳಿದದ್ದು ಹದಿನೆಂಟೇ ವರ್ಷ, 534ರಲ್ಲಿ ಸುಟ್ಟುಹೋಯಿತು. ಅದರ ಸಮಕಾಲೀನವಾದ ಹೆನಾನ್ ಪ್ರಾಂತದ ಸೊಂಗ್‌ಯುವೆ ಪಗೋಡ (523) ಇಟ್ಟಿಗೆಯದಾದ್ದರಿಂದ ಇಂದಿಗೂ ನಿಂತಿದೆ. ಹನ್ನೆರಡು ಮುಖಗಳು, ಹದಿನೈದು ಸೂರುಗಳು, ಸುಮಾರು 40 ಮೀಟರ್ ಎತ್ತರವಿರುವ ಇದು ಚೀನದಲ್ಲಿ ಉಳಿದಿರುವ ಇಟ್ಟಿಗೆ ಪಗೋಡಗಳಲ್ಲಿ ಅತ್ಯಂತ ಹಳೆಯದು. ಮೇಲಕ್ಕೆ ಹೋದಂತೆ ಮೆಲ್ಲಗೆ ಒಳಬಾಗುವ ಇದರ ಹೊರರೇಖೆಯಷ್ಟು ನಯವಾದದ್ದು ಇಟ್ಟಿಗೆಯಲ್ಲಿ ಅಪರೂಪ.

ಭಾರತದಿಂದ ಗ್ರಂಥಗಳನ್ನು ಹೊತ್ತು ಮರಳಿದ ಹ್ಯೂಯೆನ್ ತ್ಸಾಂಗ್ ಅವುಗಳ ರಕ್ಷಣೆಗೆಂದು ಚಾಂಗಾನ್ ನಗರದಲ್ಲಿ, ಎಂದರೆ ಇಂದಿನ ಷಿಯಾನ್‌ನಲ್ಲಿ, 652ರಲ್ಲಿ ಒಂದು ಪಗೋಡ ಕಟ್ಟಿಸಿದ. ಬಾದಾಮಿಯ ಇಮ್ಮಡಿ ಪುಲಕೇಶಿಯ ಪ್ರತಾಪವನ್ನು ತನ್ನ ಪ್ರವಾಸಕಥನದಲ್ಲಿ ಬಣ್ಣಿಸಿದ ಯಾತ್ರಿಕನೇ ಈತ. ‘ದೊಡ್ಡ ಕಾಡುಹಂಸದ ಪಗೋಡ’ ಎಂದು ಹೆಸರಾದ ಆ ಕಟ್ಟಡ ಶಿಥಿಲವಾದ ಮೇಲೆ ಸಾಮ್ರಾಜ್ಞಿ ವು ಜೆಟಿಯನ್ ಅದನ್ನು 8ನೆಯ ಶತಮಾನದ ಆರಂಭದಲ್ಲಿ ಮತ್ತೆ ಕಟ್ಟಿಸಿದಳು. ಇಂದು ಅದಕ್ಕೆ ಏಳು ನೆಲೆ, ಸುಮಾರು 64 ಮೀಟರ್ ಎತ್ತರ.

ಸೊಂಗ್ ಅರಸರ ರಾಜಧಾನಿ ಕೈಫೆಂಗ್‌ನಲ್ಲಿ ಯು ಹಾವೊ ಎಂಬ ಬಡಗಿ 989ರಲ್ಲಿ ಎತ್ತಿದ ಮರದ ಪಗೋಡ ವಾಯವ್ಯಕ್ಕೆ ತುಸು ವಾಲಿತ್ತಂತೆ. ಏಕೆಂದು ಕೇಳಿದವರಿಗೆ, ಊರಿನ ಗಾಳಿ ಆ ದಿಕ್ಕಿನಿಂದ ಬೀಸುತ್ತದೆ, ನೂರು ವರ್ಷದಲ್ಲಿ ಅದೇ ಗೋಪುರವನ್ನು ನೆಟ್ಟಗಾಗಿಸುತ್ತದೆ ಎಂದು ಆತ ಉತ್ತರಿಸಿದನೆಂದು ಒಯಾಂಗ್ ಷಿಯು ದಾಖಲಿಸಿದ್ದಾನೆ. ಆದರೆ 1044ರಲ್ಲೇ ಸಿಡಿಲು ಬಡಿದು ಅದು ಸುಟ್ಟಿತು. ಆ ಜಾಗದ ಸಮೀಪ 1049ರಲ್ಲಿ ಮೆರುಗಿನ ಇಟ್ಟಿಗೆಯಿಂದ ಕಟ್ಟಿದ ಗೋಪುರಕ್ಕೆ ಅದರ ಕಬ್ಬಿಣಬಣ್ಣದಿಂದಾಗಿ ‘ಕಬ್ಬಿಣದ ಪಗೋಡ’ ಎಂಬ ಹೆಸರು ಬಂತು. ಪಗೋಡಗಳ ಬಳಕೆ ಪೂಜೆಗಷ್ಟೇ ನಿಲ್ಲಲಿಲ್ಲ. ಡಿಂಗ್‌ಜೊವ್‌ನ 84 ಮೀಟರ್ ಎತ್ತರದ ಗೋಪುರ (1055) ಎದುರಾಳಿ ಲಿಯಾವೊ ರಾಜ್ಯದ ಸೈನ್ಯದ ಚಲನೆಯನ್ನು ನೋಡುವ ಕಾವಲುನೆಲೆಯೂ ಆಗಿತ್ತು. ಹಾಂಗ್‌ಜೊವ್‌ನ ನದೀತೀರದ ಲಿಯುಹೆ ಪಗೋಡ ರಾತ್ರಿ ದೋಣಿಗಳಿಗೆ ದೀಪ ತೋರುತ್ತಿತ್ತು.

ಯಿಂಗ್‌ಷಿಯನ್ ಮರದ ಪಗೋಡ

ಮರದಲ್ಲಿ ಮನುಷ್ಯ ಕಟ್ಟಿದ ಅತ್ಯುತ್ತಮ ಕಟ್ಟಡ ಯಾವುದೆಂದು ಕೇಳಿದರೆ ಶಾನ್‌ಷಿ ಪ್ರಾಂತದ ಯಿಂಗ್‌ಷಿಯನ್ ಊರಿನ ಪಗೋಡವನ್ನು ಹೆಸರಿಸಲು ಹಿಂಜರಿಯಬೇಕಾಗಿಲ್ಲ. ಲಿಯಾವೊ ಅರಸರ ಕಾಲದಲ್ಲಿ, 1056ರಲ್ಲಿ ಕಟ್ಟಿದ್ದು. ಕಲ್ಲಿನ ಜಗತಿಯ ಮೇಲೆ ಎಂಟು ಮುಖಗಳಲ್ಲಿ ಎದ್ದ ಇದರ ಎತ್ತರ 67.3 ಮೀಟರ್. ಹೊರಗಿನಿಂದ ಐದು ನೆಲೆ ಕಂಡರೂ ಒಳಗೆ ಒಂಬತ್ತಿವೆ, ನಡುವಿನ ನಾಲ್ಕು ಮರೆಯಾದವು. ಗೋಪುರದ ಬಲ ಅಡಗಿರುವುದು ಆ ನಾಲ್ಕರಲ್ಲೇ. ಓರೆ ತೊಲೆಗಳಿಂದ ಬಿಗಿದ ಅವು ಪೀಪಾಯಿಯ ಪಟ್ಟಿಗಳಂತೆ ಕಟ್ಟಡವನ್ನು ಹಿಡಿದಿವೆ. ಕಂಬಗಳು ಒಳಸುತ್ತು, ಹೊರಸುತ್ತು ಎಂದು ಎರಡು ಸಾಲಿನಲ್ಲಿವೆ. ನಡುವೆ ತೆರವಾದ ಜಾಗದಲ್ಲಿ, ಕೆಳನೆಲೆಯಲ್ಲಿ ಸುಮಾರು 11 ಮೀಟರ್ ಎತ್ತರದ ಶಾಕ್ಯಮುನಿಯ ಮೂರ್ತಿ ಕುಳಿತಿದೆ.

ಕಂಬದ ತಲೆಗೂ ಸೂರಿಗೂ ನಡುವೆ ಇರುವ ಬೋದಿಗೆಗಳ ಗೊಂಚಲಿಗೆ ಚೀನೀಯರು ದೊಗೊಂಗ್ ಎನ್ನುತ್ತಾರೆ. ಮರದ ದಿಮ್ಮಿಗಳನ್ನೂ ಬಾಗಿದ ತೋಳುಗಳನ್ನೂ ಒಂದರ ಮೇಲೊಂದು ಅಡ್ಡಡ್ಡ ಕಚ್ಚಿಸಿ ಕಟ್ಟುವ ಈ ಗೊಂಚಲು ಅಗಲವಾದ ಸೂರಿನ ಭಾರವನ್ನು ಹಂತ ಹಂತವಾಗಿ ಕಂಬಕ್ಕೆ ಇಳಿಸುತ್ತದೆ. ಭೂಮಿ ನಡುಗಿದಾಗ ಸಾವಿರಾರು ಕಚ್ಚುಗಳು ತುಸು ತುಸುವೇ ಉಜ್ಜಿಕೊಂಡು ಆ ನಡುಕವನ್ನು ನುಂಗುತ್ತವೆ. ಯಿಂಗ್‌ಷಿಯನ್‌ನಲ್ಲಿ ಇಂತಹ ಗೊಂಚಲುಗಳು 54 ಬಗೆಯವು. ಒಂದೊಂದು ಜಾಗದ ಭಾರಕ್ಕೆ ಒಂದೊಂದು ವಿನ್ಯಾಸ. ನೋಡುವವರ ಕಣ್ಣಿಗೆ ಅವೇ ಗೋಪುರದ ಹೂಮಾಲೆ.

ವಾಸ್ತುಶಿಲ್ಪ ಇತಿಹಾಸಕಾರ ಲಿಯಾಂಗ್ ಸಿಚೆಂಗ್ 1933ರಲ್ಲಿ ಇದನ್ನು ಅಳತೆ ಮಾಡಿ ಚೀನದ ವಿದ್ವತ್ ಲೋಕದ ಗಮನಕ್ಕೆ ತಂದರು. ಅದಕ್ಕೆ ಮೊದಲು, 1926ರ ಸೇನಾಧಿಪತಿಗಳ ಕಾಳಗದಲ್ಲಿ ಗೋಪುರ ಶೆಲ್‌ಗಳ ಏಟು ತಿಂದಿತ್ತು. ಅನೇಕ ಭೂಕಂಪಗಳನ್ನು ತಡೆದುಕೊಂಡ ಕಟ್ಟಡ ಇದನ್ನೂ ತಾಳಿತು. ಆದರೆ 1930ರ ದಶಕದಲ್ಲಿ ಊರಿನವರು ಮೇಲಿನ ನೆಲೆಗಳ ಮಣ್ಣಿನ ಗೋಡೆಗಳನ್ನೂ ಅವುಗಳೊಳಗಿದ್ದ ಓರೆ ಆಧಾರಗಳನ್ನೂ ತೆಗೆಸಿ ಜಾಲಂಧ್ರದ ಬಾಗಿಲುಗಳನ್ನು ಕೂರಿಸಿದರು. ಗಾಳಿ ಬೆಳಕು ಹೆಚ್ಚಿತು, ಗೋಪುರ ದುರ್ಬಲವಾಯಿತು. ಇಂದು ಎರಡನೆಯ ನೆಲೆ ಎದ್ದು ಕಾಣುವಷ್ಟು ವಾಲಿದೆ. ಬಿಚ್ಚಿ ಮತ್ತೆ ಜೋಡಿಸಬೇಕೆ, ಇದ್ದಂತೆಯೇ ಆಧಾರ ಕೊಡಬೇಕೆ ಎಂಬ ಚರ್ಚೆ ತಜ್ಞರಲ್ಲಿ ದಶಕಗಳಿಂದ ನಡೆದಿದೆ.

ಇಟ್ಟಿಗೆಯ ಪಗೋಡಗಳಿಗೂ ಮನುಷ್ಯರಿಂದ ಉಪದ್ರವ ತಪ್ಪಲಿಲ್ಲ. ಹಾಂಗ್‌ಜೊವ್‌ನ ಲೇಯ್‌ಫೆಂಗ್ ಪಗೋಡ ಬಿಳಿ ಹಾವಿನ ಕಥೆಯಿಂದ ಮನೆಮಾತಾದದ್ದು. ಅದರ ಇಟ್ಟಿಗೆ ಮನೆಗೆ ಶುಭವೆಂದು ಜನ ಒಂದೊಂದಾಗಿ ಕಿತ್ತೊಯ್ದರು. 1924ರಲ್ಲಿ ಅದು ಕುಸಿಯಿತು. ಈಗಿರುವುದು 2002ರ ಹೊಸ ಕಟ್ಟಡ. ನಾನ್‌ಜಿಂಗ್‌ನ ಪಿಂಗಾಣಿ ಪಗೋಡ 1856ರಲ್ಲಿ ತೈಪಿಂಗ್ ದಂಗೆಗೆ ಬಲಿಯಾಯಿತು. ಶಾಂಷಿ ಪ್ರಾಂತದ ಫಾಮೆನ್ ವಿಹಾರದಲ್ಲಿ ಮಾತ್ರ ಕುಸಿತವೇ ನಿಧಿಯ ದಾರಿ ತೋರಿತು. 1981ರಲ್ಲಿ ಮಳೆಗೆ ಅರ್ಧ ಉರುಳಿದ ಪಗೋಡದ ಬುಡವನ್ನು 1987ರಲ್ಲಿ ಅಗೆದಾಗ ತಾಂಗ್ ಅರಸರು ಮುಚ್ಚಿಟ್ಟಿದ್ದ ನೆಲಮನೆ, ಚಿನ್ನ ಬೆಳ್ಳಿಯ ಪಾತ್ರೆಗಳು, ಬುದ್ಧನ ಬೆರಳೆಂದು ಪೂಜಿಸುವ ಧಾತು ದೊರೆತವು.

ಕೊರಿಯ ಮತ್ತು ಜಪಾನ್

ಕೊರಿಯ ಗ್ರಾನೈಟಿನ ನಾಡು. ಇಕ್ಸಾನ್ ಊರಿನ ಮಿರುಕ್ಸಾ ವಿಹಾರದ ಪಗೋಡ (639) ಮರಗೆಲಸವನ್ನು ಕಲ್ಲಿನಲ್ಲಿ ಅನುಕರಿಸಿದ್ದು. ಗ್ಯೊಂಗ್‌ಜುವಿನ ಬುಲ್ಗುಕ್ಸಾ ವಿಹಾರದಲ್ಲಿ ಎರಡು ಕಲ್ಲಿನ ಪಗೋಡಗಳು ಎದುರುಬದುರಾಗಿವೆ. ಒಂದು ತುಂಬ ಸರಳ, ಇನ್ನೊಂದು ಕುಸುರಿಯದು. ಸರಳವಾದ ಸೊಕ್ಕಗಾತಾಪ್ ಒಳಗೆ 1966ರಲ್ಲಿ ಸಿಕ್ಕ ಧಾರಣೀ ಸೂತ್ರದ ಸುರುಳಿ ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಅಚ್ಚು ಬರಹಗಳಲ್ಲಿ ಒಂದು.

ಜಪಾನಿನ ನಾರಾ ಬಳಿಯ ಹೊರ್ಯೂಜಿ ವಿಹಾರದ ಐದು ನೆಲೆಯ ಪಗೋಡ ಸುಮಾರು 32 ಮೀಟರ್ ಎತ್ತರದ್ದು. ಜಗತ್ತಿನ ಅತಿ ಪ್ರಾಚೀನ ಮರದ ಕಟ್ಟಡಗಳಲ್ಲಿ ಇದರ ಸ್ಥಾನ ಮೊದಲ ಸಾಲಿನಲ್ಲಿದೆ. ಇದರ ನಡುಗಂಬದ ವಾರ್ಷಿಕ ಉಂಗುರಗಳನ್ನು ಪರೀಕ್ಷಿಸಿದಾಗ ಆ ಹಿನೋಕಿ ಮರವನ್ನು ಕಡಿದದ್ದು 594ರಲ್ಲಿ ಎಂದು ತಿಳಿಯಿತು. ಜಪಾನೀ ಸೂರುಗಳು ಚೀನದವಕ್ಕಿಂತ ಹೆಚ್ಚು ಹೊರಚಾಚಿವೆ. ಬಿರುಮಳೆಯ ನಾಡಿನಲ್ಲಿ ನೀರು ಮರದ ಗೋಡೆಗೂ ಬುಡಕ್ಕೂ ತಾಗದೆ ದೂರ ಬೀಳಬೇಕು. ಆ ಚಾಚಿನಿಂದಲೇ ಹೊರ್ಯೂಜಿಯ ಗೋಪುರಕ್ಕೆ ರೆಕ್ಕೆ ಬಿಚ್ಚಿದ ಹಕ್ಕಿಯ ಹಗುರ ಬಂದಿದೆ.

ಶಿನ್‌ಬಶಿರಾ ಎಂಬ ಈ ನಡುಗಂಬ ನೆಲೆಗಳ ಭಾರವನ್ನು ಹೊರುವುದಿಲ್ಲ. ತುದಿಯ ಲೋಹಶಿಖರವನ್ನಷ್ಟೇ ಹೊತ್ತು, ಸುತ್ತಲ ಕಟ್ಟಡದಿಂದ ಬಿಡಿಯಾಗಿ ನಿಂತಿರುತ್ತದೆ. ಹೊರ್ಯೂಜಿಯಲ್ಲಿ ಅದರ ಬುಡವನ್ನು ನೆಲದಲ್ಲಿ ಹೂತಿದ್ದರು, ಅದು ಕೊಳೆಯಿತು. ಮುಂದಿನ ಕಾಲದ ಬಡಗಿಗಳು ಕಂಬವನ್ನು ಕಲ್ಲಿನ ಮೇಲೆ ನಿಲ್ಲಿಸಿದರು, ಕೆಲವೆಡೆ ಮೊದಲ ನೆಲೆಯ ತೊಲೆಯ ಮೇಲಿಟ್ಟರು. 1818ರಲ್ಲಿ ಮತ್ತೆ ಕಟ್ಟಿದ ನಿಕ್ಕೋದ ಪಗೋಡದಲ್ಲಿ ಸರಪಳಿಯಿಂದ ಮೇಲಿನಿಂದಲೇ ತೂಗುಬಿಟ್ಟರು. ವರ್ಷಗಳು ಕಳೆದಂತೆ ತೊಲೆಗಳು ಕುಗ್ಗಿ ಮಾಡುಗಳು ತಗ್ಗುತ್ತವೆ. ನಿಂತ ಕಂಬ ಮಾತ್ರ ಹಾಗೆ ತಗ್ಗದೆ ಮೇಲಿನ ಮಾಡನ್ನು ಎತ್ತಿ ಸಂದು ಮಾಡುತ್ತದೆ, ತೂಗುವ ಕಂಬ ಮಾಡಿನೊಡನೆ ತಾನೂ ಇಳಿಯುತ್ತದೆ. ಈ ಗೋಪುರಗಳು ಭೂಕಂಪಕ್ಕೆ ಉರುಳದಿರುವುದಕ್ಕೆ, ನೆಲೆಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಹಾವಿನಂತೆ ತೂಗಿ ಬಲವನ್ನು ಕಳೆದುಕೊಳ್ಳುತ್ತವೆ ಎಂಬುದು ಒಂದು ವಿವರಣೆ. ನಡುಗಂಬ ಆ ತೂಗಾಟಕ್ಕೆ ಅಂಕೆ ಹಾಕುತ್ತದೆ ಎಂಬುದು ಇನ್ನೊಂದು. ಜಪಾನಿನ ಪಗೋಡಗಳು ನಾಶವಾದದ್ದು ಹೆಚ್ಚಾಗಿ ಸಿಡಿಲಿಗೆ ಮತ್ತು ಬೆಂಕಿಗೆ. ಕ್ಯೋಟೊದ ತೋಜಿ ಪಗೋಡ ನಾಲ್ಕು ಸಲ ಸುಟ್ಟಿದೆ. ಈಗಿನದು 1644ರದು, ಸುಮಾರು 55 ಮೀಟರ್ ಎತ್ತರದಿಂದ ಜಪಾನಿನ ಮರದ ಗೋಪುರಗಳಲ್ಲೇ ಎತ್ತರವಾದದ್ದು. 2012ರಲ್ಲಿ ತೆರೆದ 634 ಮೀಟರಿನ ಟೋಕಿಯೊ ಸ್ಕೈಟ್ರೀ ಗೋಪುರದ ಒಳಗೂ ಕಾಂಕ್ರೀಟಿನ ನಡುಗಂಬವೊಂದಿದೆ.

ನೇಪಾಳ

ಕಾಠ್ಮಂಡು ಕಣಿವೆಯ ನೇವಾರರು ಸುಟ್ಟ ಇಟ್ಟಿಗೆಯ ಗೋಡೆಗೆ ಸಾಲಮರದ ಚೌಕಟ್ಟು ಕೂಡಿಸಿ, ಕೆತ್ತಿದ ಓರೆಗಂಬಗಳ ಮೇಲೆ ಅಗಲ ಮಾಡುಗಳನ್ನು ನಿಲ್ಲಿಸಿದರು. ಭೂಪತೀಂದ್ರ ಮಲ್ಲ 1702ರಲ್ಲಿ ಭಕ್ತಪುರದಲ್ಲಿ ಕಟ್ಟಿಸಿದ ನ್ಯಾತಪೋಲ ಇವುಗಳಲ್ಲಿ ಶ್ರೇಷ್ಠ. ಐದು ಹಂತದ ಜಗತಿ, ಮೇಲೆ ಐದು ಮಾಡು, ಒಳಗೆ ಸಿದ್ಧಿಲಕ್ಷ್ಮಿ. ಮೆಟ್ಟಿಲುಗಳ ಇಕ್ಕೆಲದಲ್ಲಿ ಮಲ್ಲರು, ಆನೆ, ಸಿಂಹ ಮುಂತಾದ ಕಾವಲುಮೂರ್ತಿಗಳಿವೆ. 1934ರ ಭೂಕಂಪದಲ್ಲಿ ಮೇಲಿನ ಮಾಡಿಗೆ ಪೆಟ್ಟಾಯಿತು. 2015ರಲ್ಲಿ ಸುತ್ತಲ ಗುಡಿಗಳು ಉರುಳಿದರೂ ಇದು ನಿಂತಿತು.

ಕುಬ್ಲಾಯ್ ಖಾನನ ಆಸ್ಥಾನಕ್ಕೆ ಹೋದ ನೇಪಾಳಿ ಶಿಲ್ಪಿ ಅರನಿಕೋ ಚೀನಕ್ಕೆ ಪಗೋಡವನ್ನು ಕೊಂಡೊಯ್ದನೆಂಬ ಮಾತು ಜನಪ್ರಿಯವಾಗಿದೆ. ಅದು ಸರಿಯಲ್ಲ. ಬಹುನೆಲೆಯ ಗೋಪುರ ಚೀನದಲ್ಲಿ ಅವನಿಗಿಂತ ಏಳು ಶತಮಾನ ಮೊದಲೇ ಇತ್ತು. 1279ರಲ್ಲಿ ಇಂದಿನ ಬೀಜಿಂಗ್‌ನಲ್ಲಿ ಆತ ಮುಗಿಸಿದ್ದು ಬಿಳಿಯ ಸ್ತೂಪ. ಅದು ಇಂದಿಗೂ ಇದೆ, ಅವನ ಕೀರ್ತಿಗೆ ಅಷ್ಟು ಸಾಕು.

ಕಾಠ್ಮಂಡುವಿನ ಪಶುಪತಿನಾಥ ದೇಗುಲವೂ ಎರಡು ಮಾಡಿನ ಇದೇ ಶೈಲಿಯದು. ಅಲ್ಲಿನ ಮುಖ್ಯ ಅರ್ಚಕರಾದ ಭಟ್ಟರು ದಕ್ಷಿಣ ಭಾರತದಿಂದ, ವಿಶೇಷವಾಗಿ ಕರ್ನಾಟಕದ ಕರಾವಳಿಯಿಂದ ಹೋದವರು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ (1430) ಇಳಿಜಾರು ಮಾಡುಗಳು ನೇಪಾಳದ ಗುಡಿಗಳನ್ನು ಹೋಲುವುದನ್ನು ವಾಸ್ತುಶಿಲ್ಪ ಇತಿಹಾಸಕಾರ ಜೇಮ್ಸ್ ಫರ್ಗುಸನ್ 19ನೆಯ ಶತಮಾನದಲ್ಲೇ ಗುರುತಿಸಿದ್ದ. ಈ ಹೋಲಿಕೆಗೆ ವಲಸೆಯ ಕಥೆ ಹುಡುಕಬೇಕಾಗಿಲ್ಲ. ಎರಡೂ ಕಡೆ ಸುರಿಯುವ ಮಳೆಯೂ ಕೈಗೆ ಸಿಗುವ ಒಳ್ಳೆಯ ಮರವೂ ಸಾಕಷ್ಟು ಕಾರಣ.

ಮ್ಯಾನ್ಮಾರ್

ಇಲ್ಲಿ ಪಗೋಡ ಸ್ತೂಪದ ದುಂಡನ್ನು ಬಿಟ್ಟುಕೊಟ್ಟಿಲ್ಲ. ಯಾಂಗೊನ್‌ನ ಶ್ವೇಡಗೋನ್ ಸುಮಾರು 99 ಮೀಟರ್ ಎತ್ತರದ ಇಟ್ಟಿಗೆಯ ಘನರಾಶಿ. ಒಳಹೋಗಲು ಕೋಣೆಯಿಲ್ಲ, ಭಕ್ತರು ಸುತ್ತ ಪ್ರದಕ್ಷಿಣೆ ಬರುತ್ತಾರೆ. ತಪುಸ್ಸ, ಭಲ್ಲಿಕ ಎಂಬ ವರ್ತಕರು ತಂದ ಬುದ್ಧನ ಕೇಶಗಳು ಒಳಗಿವೆ ಎಂಬುದು ನಂಬಿಕೆ. 15ನೆಯ ಶತಮಾನದ ರಾಣಿ ಶಿನ್‌ಸಾಬು ತನ್ನ ತೂಕದಷ್ಟು ಚಿನ್ನ ಕೊಟ್ಟು ಹೊದಿಸಿದಳೆಂದು ಹೇಳುತ್ತಾರೆ. 1768ರ ಭೂಕಂಪದಲ್ಲಿ ತುದಿ ಉರುಳಿದ ಮೇಲೆ ದೊರೆ ಶಿನ್‌ಬ್ಯುಶಿನ್ ಈಗಿನ ಎತ್ತರಕ್ಕೆ ಕಟ್ಟಿಸಿದ. ನೆತ್ತಿಯ ರತ್ನಖಚಿತ ಕೊಡೆಗೆ ಬರ್ಮೀ ಭಾಷೆಯಲ್ಲಿ ‘ಥೀ’ ಎಂದು ಹೆಸರು, ಇದೂ ಸಾಂಚಿಯ ಛತ್ರವೇ. ಬಗಾನ್‌ನ ಬಯಲಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪಗೋಡಗಳೂ ಗುಡಿಗಳೂ ಉಳಿದಿವೆ. 1975 ಮತ್ತು 2016ರ ಭೂಕಂಪಗಳು ಅವನ್ನು ಬಾಧಿಸಿದವು. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಮಾಂಡಲೆಯ ಕುಥೊಡಾ ಪಗೋಡದ ಸುತ್ತ ದೊರೆ ಮಿಂಡನ್ ಇಡೀ ತ್ರಿಪಿಟಕವನ್ನು 729 ಅಮೃತಶಿಲೆಯ ಫಲಕಗಳಲ್ಲಿ ಕೆತ್ತಿಸಿದ್ದಾನೆ.

ಮ್ಯಾನ್ಮಾರಿನಿಂದಾಚೆಗೆ, ವಿಯೆಟ್ನಾಂನ ಹ್ವೆ ನಗರದ ತಿಯೆನ್ ಮು ಪಗೋಡ (ಈಗಿನ ಗೋಪುರ 1844ರದು) ಏಳು ನೆಲೆಯದು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1762ರಲ್ಲಿ ವಿಲಿಯಂ ಚೇಂಬರ್ಸ್ ಕಟ್ಟಿದ ಪಗೋಡಕ್ಕೆ ಹತ್ತು ನೆಲೆ. ಚೀನದಲ್ಲಿ ಬೆಸಸಂಖ್ಯೆಯ ನೆಲೆಯೇ ಸಂಪ್ರದಾಯವಾದ್ದರಿಂದ ಅದನ್ನು ಉದ್ಯಾನದ ಅಲಂಕಾರವೆಂದು ಎಣಿಸುವುದು ಮೇಲು.

ಭಾರತದಲ್ಲಿ

ತಮಿಳುನಾಡಿನ ನಾಗಪಟ್ಟಣದಲ್ಲಿ ಬೌದ್ಧರ ಇಟ್ಟಿಗೆಯ ಗೋಪುರವೊಂದಿತ್ತು. ‘ಚೀನೀ ಪಗೋಡ’ ಎಂದು ನಾವಿಕರಿಗೆ ದಿಕ್ಕು ತೋರುತ್ತಿದ್ದ ಅದನ್ನು 1867ರಲ್ಲಿ ಕೆಡವಲಾಯಿತು. ಮುಂಬಯಿಯ ಗೊರಾಯಿಯಲ್ಲಿ 2009ರಲ್ಲಿ ಉದ್ಘಾಟನೆಯಾದ ವಿಪಶ್ಯನಾ ಪಗೋಡ ಶ್ವೇಡಗೋನ್ ಮಾದರಿಯದು. ಮಾಂಡಲೆಯಲ್ಲಿ ಹುಟ್ಟಿದ ಎಸ್. ಎನ್. ಗೋಯೆಂಕಾ ಇದರ ಪ್ರೇರಕರು. ಕಂಬವಿಲ್ಲದ ಇದರ ಕಲ್ಲಿನ ಗುಮ್ಮಟದ ಕೆಳಗೆ 8,000 ಜನ ಒಟ್ಟಿಗೆ ಧ್ಯಾನಕ್ಕೆ ಕೂರಬಹುದು.

ಕರ್ನಾಟಕದಲ್ಲಿ ಪ್ರಾಚೀನ ಪಗೋಡ ಇಲ್ಲ, ಅದರ ಪೂರ್ವಜ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಭೀಮಾ ದಡದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅಗೆದು ತೆಗೆದ ಮಹಾಸ್ತೂಪದ ಫಲಕಗಳಲ್ಲಿ ಅಶೋಕನ ಉಬ್ಬುಶಿಲ್ಪವೂ ಅದರ ಜೊತೆಗೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂಬ ಬರಹವೂ ಇವೆ. ಯಾಂಗೊನ್, ಕ್ಯೋಟೊಗಳಿಗೆ ಪ್ರವಾಸ ಹೊರಡುವ ಕನ್ನಡಿಗರು ಮೊದಲು ಇಲ್ಲಿಗೆ ಹೋಗಿಬರಬೇಕು.