ತಿಮಿಂಗಿಲವನ್ನು ಅರಿತ ದಾರಿ: ಎಣ್ಣೆಯ ಲೆಕ್ಕದಿಂದ ದನಿಯವರೆಗೆ

ಸೀಮೆಎಣ್ಣೆ ಬಂತು, ತಿಮಿಂಗಿಲ ಉಳಿಯಿತು ಎಂಬ ಮಾತು ಆಗಾಗ ಕೇಳಿಬರುತ್ತದೆ. 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಪೆಟ್ರೋಲಿಯಂ ಬಾವಿ ಕೊರೆದ ಮೇಲೆ ದೀಪಕ್ಕೆ ತಿಮಿಂಗಿಲದ ಎಣ್ಣೆ ಬೇಡವಾಗುತ್ತ ಬಂದದ್ದು ನಿಜ. ಆದರೆ ಅದೇ ಹೊತ್ತಿಗೆ ನಾರ್ವೆಯ ಸ್ವೆಂಡ್ ಫಾಯ್ನ್ ಸ್ಫೋಟಕ ತುದಿಯ ಈಟಿಯನ್ನು ಹಬೆ ಹಡಗಿನ ಫಿರಂಗಿಗೆ ಜೋಡಿಸಿದ. ಹಾಯಿ ಹಡಗಿಗೆ ಸಿಗದೆ ಓಡುತ್ತಿದ್ದ ನೀಲಿ ತಿಮಿಂಗಿಲವೂ ಬೇಟೆಗಾರರ ಕೈಗೆ ಸಿಕ್ಕಿತು. ಎಣ್ಣೆಯನ್ನು ಗಟ್ಟಿ ಕೊಬ್ಬಾಗಿಸುವ ವಿಧಾನ ಬಂದಾಗ ದೀಪ ಬಿಟ್ಟ ಎಣ್ಣೆ ಸೋಪಿಗೂ ಮಾರ್ಗರಿನ್‌ಗೂ ಹರಿಯಿತು. ದೊಡ್ಡ ತಿಮಿಂಗಿಲಗಳಲ್ಲಿ ಸುಮಾರು 29 ಲಕ್ಷ ಸತ್ತದ್ದು 20ನೇ ಶತಮಾನವೊಂದರಲ್ಲೇ, ಅಂದರೆ ಸೀಮೆಎಣ್ಣೆ ಬಂದ ಮೇಲೆ. ಪರ್ಯಾಯ ಸರಕು ಅವನ್ನು ಉಳಿಸಲಿಲ್ಲ. ನಮ್ಮ ನಡವಳಿಕೆ ತಿರುಗಿದ್ದು ಅವನ್ನು ಅರಿಯುವ ದಾರಿ ತಿರುಗಿದಾಗ ಎಂಬುದು ಈ ಲೇಖನದ ವಾದ.

ಆಧುನಿಕ ತಿಮಿಂಗಿಲ ವಿಜ್ಞಾನ ಬೆಳೆದದ್ದು ಬೇಟೆಯ ಕಟ್ಟೆಯ ಮೇಲೆಯೇ. 1925ರಿಂದ ಬ್ರಿಟಿಷ್ ಸಂಶೋಧಕರು ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ, ಚರ್ಮ ಸುಲಿಯುವ ಜಾಗದಲ್ಲೇ ನಿಂತು ಕಳೇಬರಗಳನ್ನು ಅಳೆದರು, ಹೊಟ್ಟೆ ಬಗೆದು ಆಹಾರ ನೋಡಿದರು. ವಲಸೆ ತಿಳಿಯಲು ಅಂಕಿ ಕೊರೆದ ಲೋಹದ ಗುರುತನ್ನು ತಿಮಿಂಗಿಲದ ಮೈಯೊಳಕ್ಕೆ ಹಾರಿಸುತ್ತಿದ್ದರು. ಆ ಗುರುತು ಮತ್ತೆ ಸಿಗುತ್ತಿದ್ದದ್ದು ಪ್ರಾಣಿಯನ್ನು ಕೊಂದು ಕಡಿದಾಗ. ಪ್ರಶ್ನೆಗೆ ಉತ್ತರ ಬೇಕಾದರೆ ತಿಮಿಂಗಿಲ ಸಾಯಬೇಕಿತ್ತು. ನಿಯಂತ್ರಣದ ಭಾಷೆಯೂ ಎಣ್ಣೆಯದೇ. 1946ರ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ, ಒಂದು ನೀಲಿ ತಿಮಿಂಗಿಲಕ್ಕೆ ಎರಡು ಫಿನ್, ಎರಡೂವರೆ ಹಂಪ್‌ಬ್ಯಾಕ್ ಅಥವಾ ಆರು ಸೇ ತಿಮಿಂಗಿಲ ಸಮ ಎಂದು ಮಿತಿ ಹಾಕುತ್ತಿತ್ತು. ಯಾವ ಜಾತಿ ಅಳಿವಿನ ಅಂಚಿನಲ್ಲಿದೆ ಎಂಬುದು ಆ ಲೆಕ್ಕದಲ್ಲಿ ಕಾಣುವಂತೆಯೇ ಇರಲಿಲ್ಲ. ಕೊಟ್ಟ ಲೆಕ್ಕವಾದರೂ ಸರಿಯಿತ್ತೇ? ಸೋವಿಯತ್ ಹಡಗುಗಳು ದಕ್ಷಿಣ ಗೋಳಾರ್ಧದಲ್ಲಿ ಕೊಂದ ಹಂಪ್‌ಬ್ಯಾಕ್‌ಗಳು 48,000ಕ್ಕೂ ಹೆಚ್ಚು. ವರದಿ ಮಾಡಿದ್ದು 3,000ಕ್ಕೂ ಕಡಿಮೆ. ಈ ಸತ್ಯ ಹೊರಬಿದ್ದದ್ದು 1990ರ ದಶಕದಲ್ಲಿ, ಸ್ವತಃ ರಷ್ಯಾದ ವಿಜ್ಞಾನಿಗಳ ಬಾಯಿಂದ.

ತಿರುವು ಬಂದದ್ದು ಕಿವಿಯ ಮೂಲಕ. ಅಮೆರಿಕದ ನೌಕಾಪಡೆಗಾಗಿ ಬರ್ಮುಡಾದಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಫ್ರಾಂಕ್ ವಾಟ್ಲಿಂಗ್‌ಟನ್, ನೀರಿನೊಳಗಿನ ಮೈಕಿನಲ್ಲಿ ಹಂಪ್‌ಬ್ಯಾಕ್‌ಗಳ ದನಿ ಹಿಡಿದಿಟ್ಟಿದ್ದ. ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ ಅಂಥ ದನಿಗಳನ್ನು ಪರಿಶೀಲಿಸಿ, ಅದು ಬರಿಯ ಕೂಗಲ್ಲ, ಗೊತ್ತಾದ ಕ್ರಮದಲ್ಲಿ ಮರುಕಳಿಸುವ ಹಾಡು ಎಂದು 1971ರಲ್ಲಿ ತೋರಿಸಿದರು. 1970ರಲ್ಲೇ ಧ್ವನಿಮುದ್ರಿಕೆಯಾಗಿ ಬಂದಿದ್ದ ಆ ಹಾಡು ಮನೆಮನೆಗೆ ಮುಟ್ಟಿತ್ತು. 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನ ವಾಣಿಜ್ಯ ಬೇಟೆಗೆ ಹತ್ತು ವರ್ಷ ತಡೆ ಬೇಕೆಂದಿತು. 1982ರಲ್ಲಿ ಆಯೋಗ ತಡೆಗೆ ಮತ ಹಾಕಿತು.

ಇದು ಭಾವುಕತೆಯ ಗೆಲುವೇ ಹೊರತು ವಿಜ್ಞಾನದ್ದಲ್ಲ, ಕಡಲನ್ನೇ ನಂಬಿದ ಜನರ ಬದುಕನ್ನು ಅದು ಮರೆಯಿತು ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ಬೋಹೆಡ್ ತಿಮಿಂಗಿಲಗಳು ತೀರಾ ಕಡಿಮೆಯಾಗಿವೆ ಎಂದು 1977ರಲ್ಲಿ ಆಯೋಗ ಅಲಾಸ್ಕಾದ ಇನ್ಯೂಪಿಯಟ್ ಜನರ ಬೇಟೆಗೂ ತಡೆ ಹಾಕಿತು. ತಿಮಿಂಗಿಲಗಳು ಹಿಮದ ಹೊದಿಕೆಯ ಅಡಿಯಲ್ಲೂ ಸಾಗುತ್ತವೆ, ದಡದಲ್ಲಿ ಕುಳಿತು ಎಣಿಸುವವರಿಗೆ ಕಾಣುವುದಿಲ್ಲ ಎಂದು ಬೇಟೆಗಾರರು ವಾದಿಸಿದರು. ಹಿಮದಡಿಗೆ ಮೈಕು ಇಳಿಬಿಟ್ಟಾಗ ಅವರ ಮಾತೇ ನಿಜವಾಯಿತು; 2011ರ ಎಣಿಕೆಯ ಅಂದಾಜು ಸುಮಾರು 17,000. ಮಿತಿಯೊಳಗಿನ ಅವರ ಬೇಟೆ ಇಂದಿಗೂ ನಡೆದಿದೆ. ಆದ್ದರಿಂದ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಗಟ್ಟಿಗೊಳಿಸುತ್ತದೆ: ಆಲಿಸುವುದೆಂದರೆ ಕರಗಿಹೋಗುವುದಲ್ಲ, ಸರಿಯಾಗಿ ಎಣಿಸುವುದೂ ಹೌದು, ತಿಮಿಂಗಿಲದ ಜೊತೆ, ಅದರ ಪಕ್ಕ ಬಾಳಿದವರ ಮಾತನ್ನೂ ಕೇಳುವುದು.

ಈಟಿ ಕೆಳಗಿಟ್ಟ ಮೇಲೆ ಸಂಬಂಧ ಸರಿಹೋಯಿತೇ? ತಿಮಿಂಗಿಲದ ಕಿವಿಯಲ್ಲಿ ಗುಗ್ಗೆ ಹೊರಬೀಳದೆ, ಮರದ ಉಂಗುರಗಳಂತೆ ಪದರ ಪದರವಾಗಿ ಬದುಕಿನುದ್ದಕ್ಕೂ ಕೂಡುತ್ತದೆ. ಆ ಪದರಗಳಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದ 2018ರ ಅಧ್ಯಯನದ ಪ್ರಕಾರ, ಬೇಟೆ ಏರಿದಾಗ ಒತ್ತಡವೂ ಏರಿತ್ತು. ಬೇಟೆ ಇಳಿದಿದ್ದ ಎರಡನೇ ಮಹಾಯುದ್ಧದ ವರ್ಷಗಳಲ್ಲೂ ಒತ್ತಡ ಹೆಚ್ಚಿತ್ತು. ಯುದ್ಧದ ಸದ್ದು ಅದಕ್ಕೆ ಕಾರಣವಿರಬಹುದು ಎಂದು ಸಂಶೋಧಕರು ಊಹಿಸಿದ್ದಾರೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಸಂಚಾರ ತಗ್ಗಿದಾಗ, ಅಲ್ಲಿನ ರೈಟ್ ತಿಮಿಂಗಿಲಗಳ ಮಲದಲ್ಲಿ ಒತ್ತಡದ ಹಾರ್ಮೋನ್ ಇಳಿದಿತ್ತು. ಇಂದು ಆ ಜಾತಿಯಲ್ಲಿ ಉಳಿದಿರುವುದು 400ಕ್ಕೂ ಕಡಿಮೆ. ಅವನ್ನು ಕೊಲ್ಲುತ್ತಿರುವುದು ಹಡಗಿನ ಡಿಕ್ಕಿ ಮತ್ತು ಮೀನುಗಾರಿಕೆಯ ಹಗ್ಗ.

ಇದು ನಮ್ಮ ಕಡಲಿನ ಮಾತೂ ಹೌದು. ಧ್ರುವದತ್ತ ವಲಸೆ ಹೋಗದ ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್‌ಗಳಲ್ಲಿ 242ನ್ನು ಸೋವಿಯತ್ ಹಡಗುಗಳು 1960ರ ದಶಕದಲ್ಲಿ ಕೊಂದಿದ್ದವು. ಈಗ ಒಮಾನ್ ಕರಾವಳಿಯ ಅಂದಾಜು ನೂರನ್ನೂ ಮುಟ್ಟುವುದಿಲ್ಲ. 2017ರಲ್ಲಿ ಅಲ್ಲಿ ಉಪಗ್ರಹ ಟ್ಯಾಗ್ ಹಾಕಿಸಿಕೊಂಡ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಕಡಲು ದಾಟಿ ಗೋವಾ ಬಳಿ ಬಂದು, ಪಶ್ಚಿಮ ಕರಾವಳಿಗುಂಟ ದಕ್ಷಿಣಕ್ಕೆ ಸಾಗಿತು. ಅಂದರೆ ಕಾರವಾರ, ಮಂಗಳೂರುಗಳ ಆಚೆಯ ನೀರೂ ಅದರ ದಾರಿಯೇ. ವಾಣಿಜ್ಯ ಬೇಟೆಯ ಬಹುಪಾಲನ್ನು ನಿಲ್ಲಿಸಲು ಒಂದು ನಿಷೇಧ ಸಾಕಾಯಿತು. ಆದರೆ ಡಿಕ್ಕಿಗೂ ಹಗ್ಗಕ್ಕೂ ಸದ್ದಿಗೂ ಕೊಲ್ಲುವ ಉದ್ದೇಶವೇ ಇಲ್ಲ. ಅವನ್ನು ತಡೆಯಬೇಕಾದರೆ ತಿಮಿಂಗಿಲ ಎಲ್ಲಿ, ಯಾವಾಗ ಇರುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಹಡಗಿನ ವೇಗ ಇಳಿಸುವ ಮೊದಲು ತಿಮಿಂಗಿಲದ ದನಿಯನ್ನು ನಮ್ಮ ಕರಾವಳಿಯಲ್ಲೂ ಕೇಳಲು ಕುಳಿತುಕೊಳ್ಳಬೇಕು.