ಇಳಿದ ಸಕ್ಕರೆಯ ಇತಿಹಾಸ

ಮಧುಮೇಹವೆಂಬ ಶಬ್ದವನ್ನು ಒಮ್ಮೆ ಬಿಡಿಸಿ ನೋಡಿ. ಮೇಹವೆಂದರೆ ಮೂತ್ರ ಹರಿಯುವುದು. ಅದು ಜೇನಿನಂತೆ ಸಿಹಿಯಾದರೆ ಮಧುಮೇಹ. ರೋಗಿಯ ಮೈಗೂ ಮೂತ್ರಕ್ಕೂ ಇರುವೆ ಮುತ್ತುವುದನ್ನು ಚರಕಸಂಹಿತೆ ಈ ಜಾತಿಯ ರೋಗಗಳ ಮುನ್ಸೂಚನೆಗಳಲ್ಲಿ ಸೇರಿಸಿದೆ. ನಮ್ಮ ಹಿರಿಯರು ಸಿಹಿಮೂತ್ರ ರೋಗವೆಂದರು. ಹೆಸರುಗಳೆಲ್ಲ ಸಕ್ಕರೆ ಹೆಚ್ಚಿದುದನ್ನೇ ಹೇಳುತ್ತವೆ. ಅದೇ ರೋಗಿಯ ರಕ್ತದಲ್ಲಿ ಸಕ್ಕರೆ ತೀರ ಇಳಿದುಹೋಗುವ ಇನ್ನೊಂದು ಸ್ಥಿತಿಯುಂಟು. ಹಳೆಯ ವೈದ್ಯರಿಗೆ ಅದನ್ನು ಹೆಸರಿಸುವ ಸಂದರ್ಭ ಹೆಚ್ಚಾಗಿ ಬರಲಿಲ್ಲ; ಏಕೆಂದರೆ ಮಧುಮೇಹಿಗಳಲ್ಲಿ ಅದು ಬಹುಮಟ್ಟಿಗೆ ಹೊಸ ಔಷಧಗಳ ಜೊತೆಯಲ್ಲಿಯೇ ಹುಟ್ಟಿದುದು. ಇಂದು ಪೀಣ್ಯದ ಕಾರ್ಖಾನೆಗಳಲ್ಲಿಯೂ ವೈಟ್‌ಫೀಲ್ಡಿನ ಕಚೇರಿಗಳಲ್ಲಿಯೂ ಅದನ್ನು ‘ಲೋ ಆಯಿತು’ ಎನ್ನುತ್ತಾರೆ. ಪಂಡಿತರು ಒಪ್ಪಲಿ, ಬಿಡಲಿ, ತಲೆ ತಿರುಗಿ ಬೀಳುತ್ತಿರುವವನ ಬಾಯಿಗೆ ಒಂದಕ್ಷರದ ಮಾತೇ ಅನುಕೂಲ.

1922ರ ಜನವರಿ 11ರಂದು ಕೆನಡಾದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ನಿನ ಮೊದಲ ಚುಚ್ಚುಮದ್ದು ಕೊಟ್ಟರು. ಬ್ಯಾಂಟಿಂಗ್, ಬೆಸ್ಟ್ ಇವರ ಹೆಸರು ನೀವು ಕೇಳಿರಬಹುದು. ಆ ರಸವನ್ನು ಶುದ್ಧಿಮಾಡಿದ ಕಾಲಿಪ್ ಎಂಬಾತನನ್ನು ನೆನೆಯುವವರು ಕಡಮೆ. ತಾನು ಸಿದ್ಧಪಡಿಸಿದ ಮದ್ದನ್ನು ಆತ ಮೊಲಗಳ ಮೇಲೆ ಪ್ರಯೋಗಿಸಿ ನೋಡುತ್ತಿದ್ದ. ಮದ್ದು ಹೆಚ್ಚಾದರೆ ಮೊಲಕ್ಕೆ ಸೆಳವು ಬಂದು ಪ್ರಜ್ಞೆ ತಪ್ಪುತ್ತಿತ್ತು. ಗ್ಲೂಕೋಸ್ ಕೊಟ್ಟೊಡನೆ ಅದೇ ಮೊಲ ಎದ್ದು ಕೂರುತ್ತಿತ್ತು. ಆಗ ಮದ್ದನ್ನು ಅಳೆಯಲು ಬೇರೆ ಮಾನವೇ ಇರಲಿಲ್ಲ. ಉಪವಾಸವಿದ್ದ, ಎರಡು ಕಿಲೋಗ್ರಾಂ ತೂಗುವ ಮೊಲದ ರಕ್ತದ ಸಕ್ಕರೆಯನ್ನು ಕೆಲವು ಗಂಟೆಗಳೊಳಗೆ ಸೆಳವಿನ ಮಟ್ಟಕ್ಕೆ, ಅಂದರೆ 100 ಮಿಲಿಲೀಟರಿಗೆ 45 ಮಿಲಿಗ್ರಾಮಿಗೆ, ಇಳಿಸುವಷ್ಟು ಮದ್ದು ಒಂದು ಯೂನಿಟ್ ಎಂದು ಮೊದಲು ಗೊತ್ತುಮಾಡಿದರು. ಬಳಿಕ ಅದರ ಮೂರನೆಯ ಒಂದು ಪಾಲನ್ನು ಯೂನಿಟ್ ಎಂದರು. ಇಂದು ವೈದ್ಯರು ‘ಹತ್ತು ಯೂನಿಟ್ ಹಾಕಿಕೊಳ್ಳಿ’ ಎನ್ನುವಾಗ ಆ ಮಾತಿನ ಮೂಲದಲ್ಲಿ ಹೀಗೆ ಸಕ್ಕರೆ ಇಳಿದು ನಡುಗಿದ ಮೊಲವೊಂದಿದೆ.

ಮಾತ್ರೆಗಳ ಕಥೆಯೂ ಇಂಥದೇ. 1942ರಲ್ಲಿ ಫ್ರಾನ್ಸಿನ ಮೊಂಪೆಲಿಯೆ ಎಂಬಲ್ಲಿ ಜಾನ್‌ಬೊನ್ ಎಂಬ ವೈದ್ಯರು ವಿಷಮಶೀತಜ್ವರದ ರೋಗಿಗಳಿಗೆ ಒಂದು ಹೊಸ ಸಲ್ಫಾ ಮದ್ದನ್ನು ಕೊಟ್ಟರು. ಕೆಲವರಿಗೆ ಸೆಳವು ಬಂದಿತು, ಕೆಲವರು ತೀರಿಕೊಂಡರು. ಕಾರಣ ಹುಡುಕಿದರೆ ರಕ್ತದಲ್ಲಿ ಸಕ್ಕರೆ ಇಳಿದಿತ್ತು. ಅವರ ಸಹೋದ್ಯೋಗಿ ಲೂಬತಿಯೇರ್ ಇದನ್ನು ನಾಯಿಗಳಲ್ಲಿ ಪರೀಕ್ಷಿಸಿ, ಈ ಮದ್ದು ದೇಹದೊಳಗಿನ ಇನ್ಸುಲಿನ್ನನ್ನೇ ಹೊರಡಿಸುತ್ತದೆಂದು ತೋರಿಸಿದರು. ಇಂದಿಗೂ ನಮ್ಮಲ್ಲಿ ಬಹಳ ಜನ ನುಂಗುವ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮಾತ್ರೆಗಳು ಆ ವಂಶದವು. ಮಧುಮೇಹದ ಎಲ್ಲ ಮಾತ್ರೆಗಳೂ ಹೀಗೆ ಸಕ್ಕರೆಯನ್ನು ಬೀಳಿಸುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಇದು ಅಪರೂಪ.

ಮದ್ದಿಗೆ ಇಷ್ಟು ಶಕ್ತಿ ಬಂದ ಮೇಲೆಯೂ ರೋಗಿಯ ಕೈಯಲ್ಲಿದ್ದ ಅಳತೆ ಮಾತ್ರ ಹಳೆಯದೇ ಆಗಿತ್ತು. 1908ರಲ್ಲಿ ಬೆನೆಡಿಕ್ಟ್ ಎಂಬಾತ ಹೇಳಿಕೊಟ್ಟ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕುದಿಸಬೇಕು. ಸಕ್ಕರೆಯಿದ್ದರೆ ಹಸುರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಬಣ್ಣ. ಸಕ್ಕರೆಯಿಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯಿತು, ಮನೆಯವರಿಗೆಲ್ಲ ಸಮಾಧಾನ. ಆದರೆ ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆ ಮಾತ್ರ ಅದು ಮೂತ್ರಕ್ಕೆ ಇಳಿಯುತ್ತದೆ. ಆದುದರಿಂದ ಆ ನೀಲಿಯ ಅರ್ಥ 120 ಇರಬಹುದು, 40 ಕೂಡ ಇರಬಹುದು! ಕೊರತೆಯನ್ನು ತಿಳಿಯಲು ತಣ್ಣನೆಯ ಬೆವರು, ಕೈನಡುಕ, ಎದೆಬಡಿತ ಇವೇ ಗತಿ. ಪದೇ ಪದೇ ಸಕ್ಕರೆ ಇಳಿದ ದೇಹ ಈ ಎಚ್ಚರಿಕೆಗಳನ್ನು ಕೊಡುವುದನ್ನೂ ಬಿಟ್ಟುಬಿಡುತ್ತದೆ; ಆಗ ನೇರವಾಗಿ ಬುದ್ಧಿಯೇ ಮಂಕಾಗುತ್ತದೆ.

ರಕ್ತದ ಹನಿಯನ್ನೇ ಒರೆಹಚ್ಚುವ ಪಟ್ಟಿ 1960ರ ದಶಕದ ನಡುವಿನಲ್ಲಿ ಬಂದಿತು. ಅದರ ಬಣ್ಣವನ್ನು ಓದುವ ಯಂತ್ರ 1970ರ ಸುಮಾರಿಗೆ ಬಂದಿತು; ತೂಕ ಕಿಲೋಗ್ರಾಮಿಗೂ ಮಿಗಿಲು. ಪ್ರಜ್ಞೆ ತಪ್ಪಿ ಬಂದವನು ಕುಡಿದವನೋ ಮಧುಮೇಹಿಯೋ ಎಂಬುದನ್ನು ರಾತ್ರಿ ವೇಳೆ ಆಸ್ಪತ್ರೆಯವರು ತಿಳಿಯಲು ಇದು ಸಾಧನವೆಂದು ಪ್ರಚಾರವಾಗಿತ್ತು. ವೈದ್ಯರಿಗಲ್ಲದೆ ಇತರರಿಗೆ ಮಾರುತ್ತಿರಲಿಲ್ಲ. ಅಮೆರಿಕದ ರಿಚರ್ಡ್ ಬರ್ನ್‌ಸ್ಟೈನ್ ಎಂಬ ಇಂಜಿನಿಯರು ಸ್ವತಃ ಮಧುಮೇಹಿ. ಅವರ ಪತ್ನಿ ವೈದ್ಯೆ. ಆಕೆಯ ಹೆಸರಿನಲ್ಲಿ ಯಂತ್ರವನ್ನು ತರಿಸಿ, ತಮ್ಮ ರಕ್ತವನ್ನು ದಿನಕ್ಕೆ ಹಲವು ಸಲ ತಾವೇ ನೋಡಿಕೊಂಡರು. ಅಳತೆ ರೋಗಿಯ ಮನೆಗೆ ಬಂದದ್ದು ಹೀಗೆ ಹಿಂಬಾಗಿಲಿನಿಂದ.

1993ರಲ್ಲಿ ಹೊರಬಿದ್ದ ಒಂದು ದೊಡ್ಡ ಸಂಶೋಧನೆ ಈ ವಿಷಯಕ್ಕೆ ತಿರುವು ಕೊಟ್ಟಿತು. ಇನ್ಸುಲಿನ್ನನ್ನೇ ನಂಬಿದ 1441 ಜನರನ್ನು ವರ್ಷಗಟ್ಟಲೆ ಗಮನಿಸಿದಾಗ, ಸಕ್ಕರೆಯನ್ನು ಬಿಗಿಯಾಗಿ ಹಿಡಿದವರ ಕಣ್ಣು, ಮೂತ್ರಪಿಂಡಗಳು ಎಷ್ಟೋ ಚೆನ್ನಾಗಿ ಉಳಿದುವು. ಆದರೆ ಅವರಲ್ಲಿ ಅಪಾಯಕರವಾಗಿ ಸಕ್ಕರೆ ಇಳಿಯುವುದು ಮೂರುಪಟ್ಟು ಹೆಚ್ಚಿತು. ತೋಳಿಗೆ ಅಂಟಿಸಿಕೊಳ್ಳುವ ಗುಂಡಿಯಂಥ ಸೆನ್ಸರ್ ಈ ಇಕ್ಕಟ್ಟಿನಲ್ಲಿ ನೆರವಾದುದರಿಂದಲೇ ಅದಕ್ಕೆ ಇಷ್ಟು ಬೆಲೆ.

ಈಗ ನಮ್ಮೂರಿಗೆ ಬರೋಣ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಿದ್ದಲ್ಲಿ ಕಿಯೋನಿಕ್ಸ್ ಸಂಸ್ಥೆ 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟತೊಡಗಿತು. 1978ರಲ್ಲಿ ಪರಂಗಿಯ ಕಿಣ್ವ ತೆಗೆಯುವುದರಿಂದ ಆರಂಭವಾದ ಬಯೋಕಾನ್ ಕಂಪನಿ ಆ ಕಡೆಯ ಹೊಸೂರು ರಸ್ತೆಯಲ್ಲಿ ಬೆಳೆದು, 2004ರಲ್ಲಿ ಯೀಸ್ಟ್ ಜೀವಿಯಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ದನ, ಹಂದಿಗಳ ಗ್ರಂಥಿಗಳಿಂದ ತೆಗೆಯುತ್ತಿದ್ದ ಮದ್ದು ಹೀಗೆ ನಮ್ಮ ಊರಂಚಿನ ತೊಟ್ಟಿಗಳಲ್ಲಿಯೇ ಸಿದ್ಧವಾಗುವಂತಾಯಿತು.

ಮದ್ದು ಊರಲ್ಲಿಯೇ ಸಿಕ್ಕಿತು. ಹೊತ್ತಿಗೆ ಊಟ ಸಿಕ್ಕಬೇಕಲ್ಲ! ಮದ್ದಿಗೆ ಗಡಿಯಾರವೊಂದೇ ಗೊತ್ತು, ಸಿಲ್ಕ್ ಬೋರ್ಡಿನಲ್ಲಿ ನಿಂತ ಬಸ್ಸು ಗೊತ್ತಿಲ್ಲ. ಮೂರನೆಯ ಪಾಳಿಯವನು ಚುಚ್ಚಿಕೊಂಡು ಬಂದು ಊಟ ತಡಮಾಡಿದರೆ, ಇಲ್ಲವೆ ಮೈಮುರಿದು ದುಡಿದರೆ, ಬೆಳಗಿನ ಜಾವಕ್ಕೆ ಸಕ್ಕರೆ ಬೀಳಬಹುದು. ತಿರುಗುವ ಯಂತ್ರದ ಮುಂದೆ ನಿಂತವನಿಗೆ ಇದು ಸಣ್ಣ ಮಾತಲ್ಲ. ಕೆಲಸ ಹೋದೀತೆಂದು ರೋಗವನ್ನು ಮುಚ್ಚಿಡುವವರಿಗೆ ತೋಳಿನ ಗುಂಡಿಯೂ ಒಂದು ಗುಟ್ಟೇ. ಅವರನ್ನು ಹಾಗೆ ಹೆದರಿಸಿಟ್ಟ ಮೇಲಧಿಕಾರಿಗಳನ್ನು ನಾನು ಹೆಚ್ಚು ದೂರುತ್ತೇನೆ.

ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಆದುದರಿಂದ ಅದು ಕೆಲವು ನಿಮಿಷ ಹಿಂದೆ ಬೀಳುತ್ತದೆ. ಆ ತೋಳಿನ ಮೇಲೆಯೇ ಮಲಗಿದರೆ ಇಳಿಯದಿದ್ದರೂ ಇಳಿದಂತೆ ತೋರಿಸಿ ಕೂಗೀತು. ಸಂಶಯವಿದ್ದರೆ ಬೆರಳಿನ ಹನಿಯೇ ಪ್ರಮಾಣ. ನೋಡಲು ಅನುಕೂಲವಿಲ್ಲದಿದ್ದರೆ ಇಳಿದಿದೆಯೆಂದೇ ತಿಳಿಯುವುದು ಕ್ಷೇಮ. 70ಕ್ಕಿಂತ ಕೆಳಗಾದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಕಳೆದು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. 54ಕ್ಕಿಂತ ಕೆಳಗಿಳಿದರೆ ಪಕ್ಕದವರನ್ನು ಕರೆಯಲು ನಾಚಿಕೆ ಬೇಡ. ನೀವು ಆ ಪಕ್ಕದವರೇ ಆಗಿದ್ದು, ಬಿದ್ದವರಿಗೆ ಪ್ರಜ್ಞೆಯಿಲ್ಲದಿದ್ದರೆ, ಬಾಯಿಗೆ ಏನನ್ನೂ ಹಾಕಬೇಡಿ. ಮಗ್ಗುಲಿಗೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆಮಾಡಿ, ಇವರು ಮಧುಮೇಹಿಯೆಂಬುದನ್ನು ಮೊದಲ ಮಾತಿನಲ್ಲಿಯೇ ತಿಳಿಸಿರಿ.